ಶೆಟ್ಟೆವ್ವನ ಏಳನೆಯ ದೀಪ

ವಾಸಿಯಾದ ಕಾಲನ್ನು ಹದಿನೆಂಟು ದಿನ ಮುರಿದ ಕಾಲೆಂದು ಹೇಳಿಕೊಂಡು ನಾನು ಮಂಚದ ಮೇಲೆ ಬಿದ್ದಿದ್ದೆ ಎಂಬುದು ನನ್ನ ಮೇಲಿರುವ ಆಪಾದನೆ. ಹೊರಿಸಿದವಳು ನನ್ನ ಧರ್ಮಪತ್ನಿ ಮಾಲಾ. ಆಪಾದನೆ ನಿಜ, ಒಪ್ಪುತ್ತೇನೆ. ಆದರೆ ನಾನು ಹಾಗೆ ಮಾಡಿದ್ದು ಮೈಗಳ್ಳತನದಿಂದಲ್ಲ, ಒಬ್ಬ ಹುಡುಗಿಯ ಪ್ರಾಣ ಉಳಿಸಲು. ಆ ಹುಡುಗಿಯ ಕೂದಲು ನೇರಳೆ ಹಣ್ಣಿನ ಬಣ್ಣದ್ದು, ದೇಶ ಜಪಾನು, ಹೆಸರು ಶೆಟ್ಟೆವ್ವ. (ಗಾಬರಿಯಾಗಬೇಡಿ, ಎಲ್ಲ ಹೇಳುತ್ತೇನೆ. ಈಗ ನನಗೆ ಪುರುಸೊತ್ತಿಗೇನೂ ಕಡಿಮೆಯಿಲ್ಲ.)

ಮೊದಲು ಕಾಲಿನ ಕಥೆ. ನಾನು ಬೈಲಹೊಂಗಲದ ಬಜಾರಿನಲ್ಲಿ ಲೇಡೀಸ್ ಟೇಲರ್, ಹೆಸರು ಕಾಂತೇಶ. ಹತ್ತೊಂಬತ್ತು ವರ್ಷಗಳಿಂದ ಈ ಊರಿನ ಹೆಣ್ಣುಮಕ್ಕಳ ಜಂಪರುಗಳು ನನ್ನ ಕತ್ತರಿಯ ಬಾಯಿಂದಲೇ ಜನ್ಮ ತಾಳುತ್ತಿದ್ದವು. ಕಾರಹುಣ್ಣಿಮೆ ಆದ ವಾರ ಸವದತ್ತಿಗೆ ಒಬ್ಬ ಬಸುರಿಯ ಕುಬಸದ ಊಟಕ್ಕೆ ಹೋಗಿದ್ದೆ. ಹೊಟ್ಟೆ ತುಂಬ ಹೋಳಿಗೆ, ಬಸ್‌ ಸ್ಟ್ಯಾಂಡಿನ ತುಂಬ ಜನ. ಬಸ್ಸು ನಿಲ್ಲುವ ಮೊದಲೇ ಹಿಂದಿನ ಗಾಲಿಯ ಮೇಲೆ ಕಾಲಿಟ್ಟು ಏರಿ, ಕಿಟಕಿಯೊಳಗಿಂದ ಸೀಟಿನ ಮೇಲೆ ಟವೆಲ್ ಎಸೆದೆ. ಟವೆಲ್ ಸರಿಯಾದ ಜಾಗಕ್ಕೆ ಬಿತ್ತು, ನಾನು ಬೇರೆ ಜಾಗಕ್ಕೆ ಬಿದ್ದೆ. ಆಮೇಲೆ ತಿಳಿದದ್ದೇನೆಂದರೆ ಆ ಸೀಟಿನಲ್ಲಿ ಬೈಲಹೊಂಗಲದವರೆಗೂ ಯಾರೂ ಕೂಡಲಿಲ್ಲವಂತೆ. ಟವೆಲ್ ಇಟ್ಟವರು ಬರುತ್ತಾರೆಂದು ಜನ ನಿಂತೇ ಬಂದರಂತೆ. ನಾನು ಅಷ್ಟರಲ್ಲಿ ಆಟೋದಲ್ಲಿ ದವಾಖಾನೆ ಸೇರಿದ್ದೆ.

ಬಲಗಾಲು. ಮೊಣಕಾಲಿನವರೆಗೆ ಪ್ಲಾಸ್ಟರ್, ಆರು ವಾರ ಮಂಚ. ಹೊಲಿಗೆ ಮಷಿನ್ ತುಳಿಯುವ ಕಾಲು ಹೋದರೆ ಟೇಲರನ ಗತಿಯೇನು? ನಾನು ತಲೆಗೆ ಕೈಹಚ್ಚಿ ಕುಳಿತಾಗ ಮಾಲಾ ಅಂಗಡಿಯ ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡಳು.

"ನಾ ಕುಂದರ್ತೇನಿ ಮಷಿನ್ ಮ್ಯಾಲ."

"ನೀನs? ಅಳತಿ ತಪ್ಪಿತಂದ್ರ ನನ್ನ ಹೆಸರು ಮಣ್ಣಾಗತೈತಿ ನೋಡು."

"ಹತ್ತೊಂಬತ್ತು ವರ್ಷ ನಿಮ್ಮ ಬಾಜೂಕ ಕುಂತು ಹುಕ್ಕು, ಕಾಜಾ ಹಚ್ಚೇನ್ರಿ. ಅಳತಿ ಎಲ್ಲಿ ತಪ್ಪತೈತಿ ಅನ್ನೂದು ನನಗ ಗೊತ್ತೈತಿ."

ಈ ಮಾತಿನಲ್ಲಿ ಏನೋ ಒಂದು ಸೂಜಿ ಇತ್ತು. ಆದರೆ ಮಲಗಿದವನ ಮಾತಿಗೆ ಬೆಲೆಯೆಲ್ಲಿ?

ಮನೆಯಲ್ಲಿ ಉಳಿದವರು ನಾನು ಮತ್ತು ನನ್ನವ್ವ ಕಾಡವ್ವ. ಆ ವಾರವೇ ನನ್ನ ಅಣ್ಣ ಅರ್ಜುನನ ಮಗಳು ಸ್ನೇಹಲ್ ದೊಡವಾಡದಿಂದ ಬಂದಳು. ಧಾರವಾಡದಲ್ಲಿ ಕಾಲೇಜು ಓದುವ ಹುಡುಗಿ. ಚೀಲದಿಂದ ವಿಡಿಯೋ ಗೇಮಿನ ಒಂದು ಕಪ್ಪು ಡಬ್ಬಿ ತೆಗೆದು ನಮ್ಮ ಟಿವಿಗೆ ಜೋಡಿಸಿದಳು.

"ಕಾಕಾ, ಪರೀಕ್ಷೆ ಮುಗಿಯೂತನಕ ಇದು ನಿಮ್ಮ ಹತ್ರ ಇರ್ಲಿ. ಕಣ್ಣ ಮುಂದ ಇದ್ರ ನಾ ಓದೂದಿಲ್ಲ. ನಿಮಗೂ ಹೊತ್ತು ಹೋಗತೈತಿ."

"ನನಗ್ಯಾಕವಾ ಢಿಶುಂ ಢಿಶುಂ ಆಟ?"

"ಢಿಶುಂ ಅಲ್ಲ ಕಾಕಾ, ಇದು ಕಥಿ ಆಟ. ಜಪಾನದವ್ರು ಮಾಡಿದ್ದು. ಬಡದಾಟ ಕಡಿಮಿ, ಮಾತು ಜಾಸ್ತಿ."

ಕೈಗೆ ಗುಂಡಿಗಳ ಒಂದು ರಿಮೋಟು ಕೊಟ್ಟು, ಯಾವ ಗುಂಡಿಗೆ ಏನೆಂದು ಎರಡು ಸಲ ಹೇಳಿ, ನಾಲ್ಕು ಗಂಟೆಯ ಬಸ್ಸಿಗೆ ಹೋದಳು.

ಆಟ ಶುರುವಾಯಿತು. ಹಳದಿ ಕೂದಲನ್ನು ಮುಳ್ಳಿನಂತೆ ನಿಲ್ಲಿಸಿಕೊಂಡ ಒಬ್ಬ ಹುಡುಗ ಬಂದ. ಇವನ ಹೆಸರೇನಿಡುತ್ತೀರಿ ಎಂದು ಆಟವೇ ಕೇಳಿತು. ನನ್ನ ಹೆಸರನ್ನೇ ಕೊಟ್ಟೆ. (ಮನೆಯಲ್ಲಂತೂ ನಾಯಕನಾಗಲಿಲ್ಲ.) ಅವನ ಹಿಂದೆ ಗಂಟುಮೂಟೆ ಹೊತ್ತ ಕೊಂಬಿನ ಕತ್ತೆಯೊಂದು ಬಂತು. ಅದಕ್ಕೂ ಹೆಸರು ಕೇಳಿತು. ಅವಸರದಲ್ಲಿ ಖಾಲಿ ಬಿಟ್ಟೆ. ಆಮೇಲೆ ಒಂದು ದೊಡ್ಡ ಮರದ ಕೆಳಗೆ, ಕೈಯಲ್ಲಿ ಆರಿದ ದೀಪ ಹಿಡಿದು, ಏನೋ ಗುನುಗುತ್ತ ನಿಂತ ಹುಡುಗಿ ಕಂಡಳು. ಗಾಳಿಗೆ ಅವಳ ಕೂದಲು ಹಾರುತ್ತಿತ್ತು, ಅವಳ ಹಿಂದೆ ಊರಿನ ತುಂಬ ಮಸುಕು ಬೆಳದಿಂಗಳು.

"ಯಾರ ಹುಡುಗಿ ಅದು?" ಎಂದಳು ಅವ್ವ. ಮೊರದಲ್ಲಿ ಜೋಳ ಆರಿಸುತ್ತಿದ್ದಳು.

"ಹೆಸರು ಕೇಳಾಕತ್ತೈತಿ ಯವ್ವಾ. ಏನಿಡೂಣು?"

ಅವ್ವ ಒಂದು ಗಳಿಗೆ ಟಿವಿ ನೋಡಿದಳು. "ಶೆಟ್ಟೆವ್ವ ಅಂತ ಇಡು."

ನನ್ನ ಕೈ ನಿಂತಿತು. ಶೆಟ್ಟೆವ್ವ ಎಂದರೆ ಅವ್ವನ ತಂಗಿ. ಮುರಗೋಡದ ತವರಿನಲ್ಲಿ ಹದಿನಾರು ವರ್ಷಕ್ಕೆ ಜ್ವರ ಬಂದು ಹೋದವಳು. ಲಗ್ನ ಗೊತ್ತಾಗಿತ್ತಂತೆ. ಗಂಡನ ಮನೆಗೆ ಹೋಗುವ ದಿನ ತಂಗಿಯ ಉಡಿ ತುಂಬಬೇಕೆಂದು ಅವ್ವ ಹಸಿರು ಖಣವೊಂದನ್ನು ತೆಗೆದಿಟ್ಟಿದ್ದಳಂತೆ. ಆ ಖಣ ಈಗಲೂ ಅವಳ ಟ್ರಂಕಿನ ತಳದಲ್ಲಿದೆ. ಈ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಆ ಹೆಸರನ್ನೇ ಬರೆದೆ.

ಕಥೆ ಇಷ್ಟು. ಒಂದು ನಾಡಿಗೆ ಸೂರ್ಯನೇ ಬಾರದಾಗಿದ್ದಾನೆ. ಏಳು ಗುಡ್ಡಗಳ ಮೇಲೆ ಏಳು ದೀಪ ಹಚ್ಚಿದರೆ ಬೆಳಗಾಗುತ್ತದೆ. ಹಚ್ಚುವ ಕೈ ಈ ಹುಡುಗಿಯದು, ಕಾಯುವ ಕೈ ಆ ಮುಳ್ಳುಗೂದಲಿನವನದು. ಜೊತೆಗೊಬ್ಬ ಮುದಿ ಸಿಪಾಯಿ ಮತ್ತು ಆ ಕತ್ತೆ. ಮಾತುಗಳೆಲ್ಲ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದವು. ಅವ್ವನಿಗೆ ಇಂಗ್ಲಿಷು ಬಾರದು. ನನಗೂ ಎಸ್ಸೆಸ್ಸೆಲ್ಸಿಯಷ್ಟೇ ಬರುತ್ತದೆ. ಆದರೂ ಒಂದೊಂದು ಸಾಲನ್ನೂ ಓದಿ, ಅರ್ಥವಾದಷ್ಟು ಹೇಳಿ, ಆಗದ ಕಡೆ ಸ್ವಂತದ್ದು ಸೇರಿಸಿ ಕನ್ನಡಕ್ಕಿಳಿಸತೊಡಗಿದೆ. ಅವ್ವ ಇದಕ್ಕೆ ಜಪಾನ ಪುರಾಣ ಎಂದು ನಾಮಕರಣ ಮಾಡಿದಳು.

ಶೆಟ್ಟೆವ್ವ ತನ್ನೂರು ಬಿಟ್ಟು ಹೊರಡುವ ಘಟ್ಟ ಬಂತು. ನಾನು ಗುಂಡಿ ಒತ್ತಬೇಕು, ಅವ್ವ "ತಡಿ" ಎಂದಳು. ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಕೇಳಿಸಿತು. ತಟ್ಟೆಯಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ಎಲೆ ಅಡಿಕೆ, ಮೇಲೆ ಆ ಹಸಿರು ಖಣ ಇಟ್ಟುಕೊಂಡು ಬಂದು, ಟಿವಿಯ ಕೆಳತುದಿಗೆ ಅರಿಷಿಣ ಕುಂಕುಮ ಹಚ್ಚಿ, ತಟ್ಟೆಯನ್ನು ಹುಡುಗಿಯ ಮುಂದೆ ಇಟ್ಟಳು. ಐದು ಸಲ ಅಕ್ಕಿ ಹಾಕಿದಳು.

"ಹೋಗಿ ಬಾರವಾ. ಖಾಲಿ ಉಡೀಲೆ ಹೋಗಬ್ಯಾಡ."

ಹುಡುಗಿ ಮರದ ಕೆಳಗೆ ಗುನುಗುತ್ತಲೇ ನಿಂತಿದ್ದಳು. ನಾನು ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಾಲು ತುರಿಸುತ್ತದೆ ಎಂದು ಸುಳ್ಳು ಹೇಳಿದೆ. (ಕಾಲಿನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಇದೇ.)

ನಾಲ್ಕು ದಿನಕ್ಕೆ ನೆರೆಮನೆಯ ಬಾಯವ್ವ ಬಂದು ಕುಳಿತಳು, ವಾರಕ್ಕೆ ಎದುರುಮನೆಯ ರೇಣು ಬಂದಳು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಅರ್ಧ ಮುಂದೆ ಮಾಡಿ, ಫ್ಯಾನ್ ಹಚ್ಚಿ, ನಾನು ಮಂಚವೆಂಬ ವ್ಯಾಸಪೀಠದ ಮೇಲೆ, ಹೆಂಗಸರು ಚಾಪೆಯ ಮೇಲೆ. ಹೊರಗೆ ಬಿಸಿಲು, ಒಳಗೆ ಟಿವಿಯಲ್ಲಿ ಮುಗಿಯದ ಬೆಳದಿಂಗಳು. ಕೆರೆಯ ಮೇಲೆ ಮಿಂಚುಹುಳುಗಳು, ದೂರದ ಗುಡ್ಡದ ಮೇಲೆ ನಾವು ಹಚ್ಚಿಬಂದ ದೀಪ, ಎಲ್ಲಿಂದಲೋ ಒಂದು ಕೊಳಲು. "ನವಿಲುತೀರ್ಥದ ನೀರು ಹಿಂಗs ಕಾಣತೈತಿ ಹುಣ್ಣಿವಿಗೆ" ಎನ್ನುತ್ತಿದ್ದಳು ಬಾಯವ್ವ. ಒಮ್ಮೊಮ್ಮೆ ನಾವು ನಾಲ್ವರೂ ಏನೂ ಮಾಡದೆ ಆ ಕೆರೆಯ ದಂಡೆಯಲ್ಲಿ ಸುಮ್ಮನೆ ಕುಳಿತುಬಿಡುತ್ತಿದ್ದೆವು. ಅಲ್ಲಿ ಯಾರಿಗೂ ಅವಸರವಿರಲಿಲ್ಲ. ನಲವತ್ತಾರು ವರ್ಷದ ಬಾಳಿನಲ್ಲಿ ನಾನು ಇಷ್ಟು ಸುಖವಾಗಿ ಎಲ್ಲಿಯೂ ಕುಳಿತಿರಲಿಲ್ಲ.

ಹಾಗೆಂದು ಆಟದಲ್ಲಿ ದೋಷವೇ ಇಲ್ಲವೆಂದಲ್ಲ. ಹಬ್ಬದ ಜಂಪರಿನಲ್ಲಿಯೂ ಎಲ್ಲೋ ಒಂದು ಎಳೆ ಬಿಚ್ಚಿರುತ್ತದೆ, ಟೇಲರನ ಕಣ್ಣಿಗೆ ಅದು ಕಂಡೇ ಕಾಣುತ್ತದೆ. ನಾಲ್ಕು ಹೆಜ್ಜೆ ನಡೆದರೆ ಸಾಕು, ಎಲ್ಲಿಂದಲೋ ಒಬ್ಬ ರಾಕ್ಷಸ ಅಡ್ಡ ಬರುತ್ತಾನೆ. ಹೊಡೆಯಿರಿ, ಮತ್ತೆ ನಾಲ್ಕು ಹೆಜ್ಜೆ, ಮತ್ತೊಬ್ಬ. ಜಗತ್ತು ಮುಳುಗುತ್ತಿದೆ, ಸೂರ್ಯ ಇಲ್ಲ, ಅಂಥದರಲ್ಲಿ ಒಬ್ಬ ಮುದುಕಿ ನಮ್ಮನ್ನು ತಡೆದು ತನ್ನ ಕೋಳಿ ಹುಡುಕಿಕೊಡಿ ಎನ್ನುತ್ತಾಳೆ. ಊರಿನ ಜನ ಎಷ್ಟು ಸಲ ಮಾತಾಡಿಸಿದರೂ ಹೇಳಿದ್ದನ್ನೇ ಹೇಳುತ್ತಾರೆ. (ಇದರಲ್ಲಿ ಬಾಯವ್ವನಿಗೆ ಏನೂ ವಿಶೇಷ ಕಾಣಲಿಲ್ಲ. "ನಮ್ಮ ಮನ್ಯಾಗಿನವ್ರೂ ಹಂಗs" ಎಂದಳು.) ಬೇಕಾದಾಗ ಆಟ ಬಿಟ್ಟೇಳುವ ಹಾಗಿಲ್ಲ, ನೀಲಿ ಕಲ್ಲೊಂದು ಸಿಕ್ಕ ಕಡೆ ಮಾತ್ರ ಅಲ್ಲಿಯವರೆಗಿನದು ಉಳಿಯುತ್ತದೆ. ರೊಟ್ಟಿ ಆರುತ್ತವೆ ಎಂದು ಅಡುಗೆಮನೆಯಿಂದ ಮಾಲಾ ಕೂಗುವಳು, ಕಲ್ಲು ಸಿಗಲಿಲ್ಲವೆಂದು ನಾನು ಕೂಗುವೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಅಲ್ಲಿಯ ಛತ್ರ. ಎಷ್ಟೇ ಗಾಯವಾಗಿರಲಿ, ಒಂದು ರಾತ್ರಿ ಮಲಗಿ ಎದ್ದರೆ ಮೈಯೆಲ್ಲ ವಾಸಿ. ನಾನು ಇಲ್ಲಿ ನಾಲ್ಕನೆಯ ವಾರ ಮಲಗಿದ್ದೆ.

ಗುಣವನ್ನೂ ಹೇಳಬೇಕು. ಹೊಡೆದಾಟದಲ್ಲಿ ಅಲ್ಲಿ ಎಂಥ ಮರ್ಯಾದೆ! ನಾವು ಒಂದು ಏಟು ಹೊಡೆದು ಕೈಕಟ್ಟಿ ನಿಲ್ಲುತ್ತೇವೆ, ಆಮೇಲೆ ರಾಕ್ಷಸ ಒಂದು ಏಟು ಹೊಡೆದು ತಾನೂ ಕೈಕಟ್ಟಿ ನಿಲ್ಲುತ್ತಾನೆ. ಸರತಿ ಎಂದರೆ ಸರತಿ. ಸವದತ್ತಿ ಬಸ್‌ ಸ್ಟ್ಯಾಂಡಿನಲ್ಲಿ ಈ ಪದ್ಧತಿ ಇದ್ದಿದ್ದರೆ ನನ್ನ ಕಾಲು ಮುರಿಯುತ್ತಿರಲಿಲ್ಲ.

ಆಟ ಕಷ್ಟವಾದದ್ದು ಮಾತ್ರ ಅವ್ವನಿಂದ. ಅಲ್ಲಿ ಯಾರ ಮನೆಗಾದರೂ ನುಗ್ಗಿ ಗಡಿಗೆಯಲ್ಲಿ ಕೈಹಾಕಿ ಔಷಧ ತೆಗೆದುಕೊಳ್ಳಬಹುದು, ಮನೆಯವರು ಏನೂ ಅನ್ನುವುದಿಲ್ಲ. ನಾನು ಮೊದಲನೆಯ ಗಡಿಗೆ ತೆರೆದಾಗಲೇ ಅವ್ವ ಚೀರಿದಳು.

"ಏ! ಕೇಳದ ಮಂದಿ ಗಡಿಗ್ಯಾಗ ಕೈ ಹಾಕ್ತೀಯಲ್ಲೋ!"

"ಆಟದಾಗ ಹಂಗs ಐತಿ ಯವ್ವಾ. ಯಾರೂ ಏನೂ ಅನ್ನೂದಿಲ್ಲ."

"ಅನ್ನದಿದ್ರೇನಾತು? ಆ ಹೆಣ್ಣಮಗಳು ನೋಡ್ಕೋತ ನಿಂತಾಳಲ್ಲ! ಹೊಳ್ಳಿ ಇಡು."

ಹೊಳ್ಳಿ ಇಡಲು ಆ ರಿಮೋಟಿನಲ್ಲಿ ಗುಂಡಿಯೇ ಇಲ್ಲ. ಅಂದಿನಿಂದ ಗಡಿಗೆಗೆ ಕೈಹಾಕುವುದು ಬಂದ್ ಆಯಿತು. ಔಷಧವಿಲ್ಲದೆ ಜಪಾನಿನ ಕಾಂತೇಶ ಹೋದಲ್ಲೆಲ್ಲ ಹೊಡೆತ ತಿಂದ. ಅದಲ್ಲದೆ ಅವ್ವ ದಿಕ್ಕು ವಾರ ನೋಡುವುದು ಬೇರೆ. ಸೋಮವಾರ, ಶನಿವಾರ ಮೂಡಲಕ್ಕೆ ಹೊರಡುವ ಹಾಗಿಲ್ಲ, ಮಂಗಳವಾರ, ಬುಧವಾರ ಬಡಗಲಕ್ಕೆ ಇಲ್ಲ. ಟಿವಿಯ ಮೂಲೆಯಲ್ಲಿ ನಕಾಶೆ ಇತ್ತಲ್ಲ, ಅವ್ವ ಅದನ್ನು ಬೇಗ ಕಲಿತುಬಿಟ್ಟಳು. ಅಂತೂ ಆಷಾಢ ಮುಗಿಯುವ ಹೊತ್ತಿಗೆ ಆರು ದೀಪ ಹಚ್ಚಿದೆವು.

ಆಷಾಢದ ಕೊನೆಯ ಮಂಗಳವಾರ ಅವ್ವ, ಬಾಯವ್ವ, ರೇಣು ಮೂವರೂ ಎಲ್ಲಮ್ಮನ ಗುಡ್ಡಕ್ಕೆ ಹೋದರು. "ನಾವು ಬರೂತನಕ ಶೆಟ್ಟೆವ್ವನ್ನ ಮುಂದ ಒಯ್ಯಬ್ಯಾಡ" ಎಂದು ಆಣೆ ಹಾಕಿಸಿ ಹೋದರು. ಮನೆಯಲ್ಲಿ ನಾನೊಬ್ಬ. ಒಂದು ತಾಸು ತಡೆದೆ, ಎರಡು ತಾಸು ತಡೆದೆ. ಆಮೇಲೆ ನೀಲಿ ಕಲ್ಲಿನ ಬಳಿ ಎಲ್ಲ ಉಳಿಸಿಟ್ಟು, ಸ್ವಲ್ಪ ಇಣುಕಿ ನೋಡಿ ವಾಪಸು ಬರೋಣವೆಂದು ಏಳನೆಯ ಗುಡ್ಡ ಏರಿದೆ.

ಏಳನೆಯ ದೀಪಕ್ಕೆ ಎಣ್ಣೆ ಇರಲಿಲ್ಲ. ಹಚ್ಚುವವಳೇ ಅದಕ್ಕೆ ಎಣ್ಣೆಯಾಗಬೇಕಂತೆ. ಶೆಟ್ಟೆವ್ವನಿಗೆ ಇದು ಮೊದಲ ದಿನದಿಂದ ಗೊತ್ತಿತ್ತಂತೆ. ಅವಳು ನಕ್ಕಳು, ಆ ಮರದ ಕೆಳಗಿನ ಹಾಡನ್ನೇ ಗುನುಗಿದಳು, ಮಿಂಚುಹುಳುಗಳಾಗಿ ಒಂದೊಂದೇ ಮೇಲೆ ಹೋದಳು. ನಾಡಿಗೆಲ್ಲ ಬೆಳಗಾಯಿತು. ನಾನು ರಿಮೋಟು ಎದೆಗೆ ಅವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಹೌದು, ಅತ್ತೆ. ಅದರಲ್ಲೇನು ನಾಚಿಕೆ?

ಊಟಕ್ಕೆ ಬಂದ ಮಾಲಾ ಬಾಗಿಲಲ್ಲಿ ನಿಂತಳು. "ಯಾಕ್ರಿ ಕಣ್ಣು ಹಂಗಾಗ್ಯಾವ?"

"ಉಳ್ಳಾಗಡ್ಡಿ ಹೆಚ್ಚಿದ್ನಿ."

"ಮಂಚದ ಮ್ಯಾಲ ಕುಂತು? ಎಲ್ಲಿ ಐತಿ ಉಳ್ಳಾಗಡ್ಡಿ?"

"ತಿಂದ್ನಿ."

ಅವಳು ನನ್ನನ್ನೊಮ್ಮೆ ಟಿವಿಯನ್ನೊಮ್ಮೆ ನೋಡಿ ಒಳಗೆ ಹೋದಳು. ನಾನು ಅವಸರದಿಂದ ನೀಲಿ ಕಲ್ಲಿನವರೆಗಿನ ಹಳೆಯ ಆಟ ತೆರೆದೆ. ಶೆಟ್ಟೆವ್ವ ಗುಡ್ಡದ ಕೆಳಗೆ ಜೀವಂತ ನಿಂತಿದ್ದಳು. ಆ ಗಳಿಗೆಯಲ್ಲಿ ತೀರ್ಮಾನ ಮಾಡಿದೆ. ಅವ್ವನ ತಂಗಿ ಒಮ್ಮೆ ಸತ್ತದ್ದು ಸಾಕು, ನನ್ನ ಕೈಯಿಂದ ಎರಡನೆಯ ಸಲ ಸಾಯಬಾರದು. ಏಳನೆಯ ಗುಡ್ಡ ನಾನು ಹತ್ತುವುದಿಲ್ಲ.

ಅಂದಿನಿಂದ ಕಥೆ ಒಂದು ಇಂಚೂ ಮುಂದೆ ಹೋಗಲಿಲ್ಲ. ಯಾವ ಮುದುಕಿಯ ಕೋಳಿಯನ್ನು ಬೈದಿದ್ದೆನೋ ಆ ಕೋಳಿಯೇ ನನ್ನನ್ನು ಕಾಪಾಡಿತು. ಕೋಳಿ ಹುಡುಕಿದೆ, ಸಿಕ್ಕಿತು. ಕಳೆದ ಉಂಗುರ ಹುಡುಕಿದೆ. ಯಾರದೋ ಪತ್ರ ಯಾರಿಗೋ ಮುಟ್ಟಿಸಿದೆ. ಕೆರೆಯಲ್ಲಿ ಮೀನು ಹಿಡಿಯಲು ಕುಳಿತೆ. ಅಲ್ಲಿ ಮೂವತ್ತೆರಡು ಬಗೆಯ ಮೀನುಗಳಿವೆ, ಮೂವತ್ತೊಂದು ಹಿಡಿದೆ. ಅವ್ವ ಕೇಳಿದರೆ "ಗುಡ್ಡ ಮೂಡಲಕ್ಕೈತಿ, ಇವತ್ತ ಶನಿವಾರ" ಎನ್ನುವೆ. ಮಂಗಳವಾರ ಕೇಳಿದರೆ "ದಾರಿ ಬಡಗಲಕ್ಕ ತಿರಗತೈತಿ" ಎನ್ನುವೆ. ಅಮಾವಾಸ್ಯೆ ಬಂದು ಒಂದು ದಿನ, ಪಂಚಮಿ ಬಂದು ಮೂರು ದಿನ ಉಳಿಸಿಕೊಟ್ಟವು.

ಅಷ್ಟರಲ್ಲಿ ಪ್ಲಾಸ್ಟರ್ ಬಿಚ್ಚಿದರು. "ಛಲೋ ಕೂಡೇತಿ, ನಾಳಿಂದ ಅಡ್ಡಾಡ್ರಿ" ಎಂದರು ಡಾಕ್ಟರು. ಮಾಲಾ ಹೊರಗೆ ಔಷಧದ ಚೀಟಿ ಹಿಡಿದು ನಿಂತಿದ್ದಳು, ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಮನೆಗೆ ಬರುತ್ತಲೇ ಅವ್ವ ಹೇಳಿದಳು, "ನೀ ಇನ್ನ ಅಂಗಡಿಗೆ ಹೋಗು ತಮ್ಮಾ. ಉಳದ ಕಥಿ ಸ್ನೇಹಲ್ ರಜಾಕ್ಕ ಬಂದಾಗ ಓದ್ತಾಳ."

ಸ್ನೇಹಲ್ ಇದ್ದದ್ದನ್ನು ಇದ್ದ ಹಾಗೆ ಓದಿ, ಸೀದಾ ಗುಡ್ಡ ಹತ್ತಿಸಿ, ಹುಡುಗಿಯನ್ನು ಕೊಂದೇ ಬಿಡುತ್ತಾಳೆ. ರಿಮೋಟು ನನ್ನ ಕೈಯಲ್ಲೇ ಇರಬೇಕಾದರೆ ನಾನು ಮಂಚದ ಮೇಲೆಯೇ ಇರಬೇಕು.

"ಅಯ್ಯಯ್ಯೋ ಯವ್ವಾ, ಕಾಲು!" ಎಂದೆ.

ಹೀಗೆ ಶುರುವಾಯಿತು ಆ ಹದಿನೆಂಟು ದಿನದ ನಾಟಕ. ಎಲ್ಲರೂ ಇದ್ದಾಗ ಕುಂಟುವುದು, ಯಾರೂ ಇಲ್ಲದಾಗ ಅಡುಗೆಮನೆಗೆ ನಡೆದು ಹೋಗಿ ಚುರಮುರಿ ತಿನ್ನುವುದು. ಮಾಲಾ ದಿನಾ ಸಂಜೆ ಎಣ್ಣೆ ಹಚ್ಚಿ ತಿಕ್ಕುವಳು. ಒಂದು ದಿನ ಎಡಗಾಲು ಮುಂದೆ ಚಾಚಿದೆ. ಅವಳು ಏನೂ ಅನ್ನದೆ ಅದನ್ನೇ ತಿಕ್ಕಿದಳು.

ಶ್ರಾವಣ ಮುಗಿಯುತ್ತ ಬಂತು. ಅವ್ವ ಒಂದು ಮಧ್ಯಾಹ್ನ ಘೋಷಿಸಿದಳು, "ಕಡೀ ಸೋಮವಾರ ಪುರಾಣದ ಮಂಗಲ. ಗೋಧಿ ಹುಗ್ಗಿ ಮಾಡೂಣು. ಓಣಿ ಹೆಣ್ಣಮಕ್ಕಳಿಗೆಲ್ಲ ಹೇಳೇನಿ."

ಪುರಾಣ ಹಚ್ಚಿದ ಮೇಲೆ ಮಂಗಲ ಆಗಲೇಬೇಕು, ನಡುವೆ ಬಿಡುವಂತಿಲ್ಲ. ಇದು ನಮ್ಮ ಕಡೆ ಕೂಸಿಗೂ ಗೊತ್ತು. ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. "ಸೋಮವಾರ ಮೂಡಲಕ್ಕ ಹೋಗಬಾರದು ಯವ್ವಾ, ನೀನs ಹೇಳಿದ್ದಿ."

"ಅದಕ್ಕ ಆದಿತವಾರನs ಹೊರಡಿಸು. ಗುಡ್ಡದ ಬುಡಕ ವಸ್ತಿ ಮಾಡ್ಲಿ. ಹಿಂದಿನ ದಿನ ಹೊರಟವರಿಗೆ ವಾರದ ಶೂಲಿ ದೋಷ ಇಲ್ಲ."

ಆಟ ಮಾಡಿದ ಜಪಾನಿನವರಿಗೂ ಈ ದಾರಿ ಹೊಳೆದಿರಲಿಕ್ಕಿಲ್ಲ. ಭಾನುವಾರ ಹೊರಡಿಸಿದೆ, ಗುಡ್ಡದ ಬುಡದ ಛತ್ರದಲ್ಲಿ ಮಲಗಿಸಿದೆ. ಆ ರಾತ್ರಿ ನಿದ್ದೆ ಮಾಡಿದವರು ಅವರು ಮಾತ್ರ.

ಸೋಮವಾರ ಮಾಲಾ ಅಂಗಡಿಗೆ ರಜೆ ಹಾಕಿದಳು. ಮನೆಯ ತುಂಬ ತುಪ್ಪ ಬೆಲ್ಲದ ವಾಸನೆ, ಚಾಪೆಯ ತುಂಬ ಹೆಂಗಸರು. ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ. ಟಿವಿಯಲ್ಲಿ ಏನೇ ಆಗಲಿ, ಕನ್ನಡದಲ್ಲಿ ಅವಳನ್ನು ಸಾಯಗೊಡುವುದಿಲ್ಲ.

ಶೆಟ್ಟೆವ್ವ ಗುಡ್ಡ ಹತ್ತಿದಳು. ಏಳನೆಯ ದೀಪದ ಮುಂದೆ ನಿಂತಳು. ಮೈಯಿಂದ ಬೆಳಕು ಏಳತೊಡಗಿತು.

"ಶೆಟ್ಟೆವ್ವ ಏನಂತಾಳ ಅಂದ್ರ," ಗಂಟಲು ಸರಿಮಾಡಿಕೊಂಡೆ, "ನನ್ನ ಕೆಲಸ ಮುಗೀತು, ಇನ್ನ ತವರಮನಿಗೆ ಹೊಂಡತೇನಿ ಅಂತಾಳ. ಅಗಾ, ಕರಿಯಾಕ ಬೆಳಕಿನ ಬಂಡಿ ಬಂದೇತಿ."

"ಮತ್ತ ಆ ಹುಡುಗ ಯಾಕ ಅಳಾಕತ್ತಾನ?" ಎಂದಳು ಬಾಯವ್ವ.

"ದೀಪದ ಹೊಗಿ, ಕಣ್ಣಾಗ ಹೋಗೇತಿ."

"ಸಿಪಾಯಿ ಮುತ್ತ್ಯಾ ಟೊಪಿಗಿ ಯಾಕ ತಗದ?"

"ಸೆಕಿ."

"ಕತ್ತಿನೂ ತಲಿ ಕೆಳಗ ಹಾಕೇತಲ್ಲ?" ಎಂದಳು ರೇಣು, ಗಂಟು ಹೊತ್ತ ಆ ಕತ್ತೆಯನ್ನು ತೋರಿಸಿ.

"ಹಸದೈತಿ ಪಾಪ, ಅದಕ್ಕ…" ಎಂದೆ. ಅಷ್ಟರಲ್ಲಿ ಶೆಟ್ಟೆವ್ವ ಆ ಹಾಡು ಗುನುಗತೊಡಗಿದಳು. ಮೊದಲನೆಯ ಮಿಂಚುಹುಳು ಮೇಲೆ ಹೋಯಿತು. ಎರಡನೆಯದು ಹೋಯಿತು. ನಾನು ಮುಂದಿನ ಮಾತು ಹುಡುಕಿದೆ, ಕನ್ನಡದಲ್ಲಿ ಒಂದೂ ಸಿಗಲಿಲ್ಲ. ಏನಾಯಿತೋ ಗೊತ್ತಿಲ್ಲ, ಮಂಚದಿಂದ ಜಿಗಿದು, ನಡುವೆ ಕುಳಿತವರನ್ನೆಲ್ಲ ದಾಟಿ, ಎರಡೂ ಕಾಲಿನ ಮೇಲೆ ನೆಟ್ಟಗೆ ಓಡಿ ಟಿವಿಯ ಮೇಲೆ ಅಂಗೈ ಇಟ್ಟೆ.

"ಹೋಗಬ್ಯಾಡವಾ!"

ಅವಳು ಹೋದಳು. ಬೆಳಗಾಯಿತು. ನಾನು ಟಿವಿ ಹಿಡಿದು ಅಳುತ್ತ ನಿಂತಿದ್ದೆ, ಬೆನ್ನ ಮೇಲೆ ಅವ್ವನ ಕೈ ಬಿತ್ತು.

"ಸತ್ತಳೋ ತಮ್ಮಾ. ಪಂಚಮಿಗಿಂತ ಮೊದಲs ಗೊತ್ತಾಗೇತಿ ನನಗ."

"ಯಾರು ಹೇಳಿದ್ರು?"

"ಮಾಲಾ. ನೀ ಉಳ್ಳಾಗಡ್ಡಿ ತಿಂದಿ ನೋಡು, ಅವತ್ತs ಸ್ನೇಹಲ್‌ಗೆ ಫೋನ್ ಹಚ್ಚಿ ಎಲ್ಲಾ ಕೇಳ್ಯಾಳ. ಓಣಿಗೆಲ್ಲ ಗೊತ್ತೈತಿ. ಕಾಲು ಮುರದಾಂವಗ ಎದಿನೂ ಮುರೀಬಾರದು ಅಂತ ಸುಮ್ಮನಿದ್ದಿವಿ. ನೀ ನೋಡಿದ್ರ ದಿನಾ ಮೀನ ಹಿಡಕೋತ ಸೊರಗಾಕತ್ತಿದ್ದಿ. ಎಷ್ಟ ದಿನ ಒಬ್ಬನs ಹೊತಗೊಂಡು ಕುಂದರತಿದ್ದಿ? ಅದಕ್ಕ ಮಂಗಲ ಇಟ್ಟೆ."

"ನಿನಗ ಸಂಕಟ ಆಗತೈತಿ ಅಂತ ನಾ…"

"ಆತು, ಯಾಕ ಆಗೂದಿಲ್ಲ?" ಅವ್ವ ಸೆರಗಿನಿಂದ ಮೊದಲು ನನ್ನ ಕಣ್ಣು, ಆಮೇಲೆ ತನ್ನ ಕಣ್ಣು ಒರೆಸಿದಳು. "ನನ್ನ ತಂಗಿ ಖಾಲಿ ಉಡೀಲೆ ಹೋದ್ಲು. ಈಕಿ ತುಂಬಿದ ಉಡೀಲೆ ಹೋದ್ಲು. ನನಗ ಅಷ್ಟs ಬೇಕಾಗಿತ್ತು."

ನಾನು ಅವ್ವನ ಹೆಗಲಿಗೆ ತಲೆಯಿಟ್ಟೆ. ಹಿಂದಿನಿಂದ ಕಿಸಕ್ಕೆಂದು ಸದ್ದು ಬಂತು. "ಸೆಕಿ ಅಂದಾಗ ನಗಿ ತಡಕೊಳ್ಳಾಕ ಸೆರಗು ಬಾಯಾಗ ತುರುಕಿದ್ನಿ ನೋಡಪಾ" ಎಂದಳು ಬಾಯವ್ವ.

ಮಾಲಾ ಹುಗ್ಗಿಯ ಸೌಟು ಹಿಡಿದು ನನ್ನ ಎರಡೂ ಕಾಲುಗಳನ್ನು ನೋಡುತ್ತ ನಿಂತಿದ್ದಳು. "ಬಲಗಾಲು ಹೆಂಗೈತ್ರಿ?"

ಇನ್ನು ಮುಚ್ಚಿಡುವುದೇನಿತ್ತು? "ನಾಳಿಂದ ಅಂಗಡಿಗೆ ಬರ್ತೇನಿ" ಎಂದೆ, ಗಂಭೀರವಾಗಿ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ರೇಣು ಮೆಲ್ಲಗೆ ಹೇಳಿದಳು, "ನೀವು ಆರಾಮ ಇರ್ರಿ ಕಾಕಾ. ಮಾಲಾ ಕಾಕೂನs ಹೊಲೀಲಿ." ತನ್ನ ಜಂಪರಿನ ತೋಳು ತೋರಿಸಿದಳು. ಎಲ್ಲಿಯೂ ಸುಕ್ಕಿಲ್ಲ.

"ಹತ್ತೊಂಬತ್ತು ವರ್ಷ ಉಸಿರು ಬಿಗಿ ಹಿಡಕೊಂಡು ಹಾಕ್ಕೊಂಡೇವಿ ತಮ್ಮಾ, ನಿನ್ನ ಮನಸಿಗೆ ಬ್ಯಾಸರ ಆಗಬಾರದು ಅಂತ" ಎಂದಳು ಬಾಯವ್ವ. "ಈಗ ಕೈ ಎತ್ತಾಕ ಬರತೈತಿ."

ಚಾಪೆಯ ಮೇಲಿದ್ದ ಎಲ್ಲರೂ ಒಮ್ಮೆ ಕೈ ಎತ್ತಿ ತೋರಿಸಿದರು. ಹತ್ತೊಂಬತ್ತು ವರ್ಷ ಈ ಓಣಿಯ ಹೆಣ್ಣುಮಕ್ಕಳು ನನಗೆ ಕೈಯೆತ್ತಿ ನಮಸ್ಕಾರ ಮಾಡದೆ ಹೋದದ್ದು ಯಾಕೆಂದು ಆಗ ತಿಳಿಯಿತು.

"ಮತ್ತ ನಾನು?" ಎಂದೆ.

"ಹುಕ್ಕು, ಕಾಜಾ ನೀವು ಹಚ್ರಿ," ಎಂದಳು ಮಾಲಾ. "ದಿನಾ ಮುಂಜಾನೆ ಗಂಟು ಇಟ್ಟು ಹೋಗ್ತೇನಿ. ಮನ್ಯಾಗ ಕುಂತs ಆಗತೈತಿ. ಅತ್ತಿಗೂ ಕಥಿ ಆಗತೈತಿ." ಎಂದು ನನ್ನ ತಟ್ಟೆಗೆ ಎರಡು ಸೌಟು ಹುಗ್ಗಿ, ಮೇಲೆ ತುಪ್ಪ ಸುರಿದಳು.

ಈಗ ದಿನವೂ ಅದೇ. ಸ್ನೇಹಲ್ ಪರೀಕ್ಷೆ ಮುಗಿಸಿ ಬಂದು, ಡಬ್ಬಿ ಅಜ್ಜಿಗೆ ಇಲ್ಲೇ ಇರಲಿ ಎಂದು ಬಿಟ್ಟು ಹೋದಳು. ಅವಳು ಹೋದ ಮಧ್ಯಾಹ್ನವೇ ಅವ್ವ ಚಾಪೆ ಹಾಸಿದಳು.

"ಮತ್ತ ಮೊದಲಿಂದ ಹಚ್ಚು."

"ಮತ್ತ ಸಾಯ್ತಾಳ ಯವ್ವಾ."

"ಸಾಯ್ಲಿ. ಹೊಳ್ಳಿ ಬರ್ತಾಳಲ್ಲ, ಅದು ಸಣ್ಣ ಮಾತೇನು? ನನ್ನ ಶೆಟ್ಟೆವ್ವ ಬರಲಿಲ್ಲ. ಈಕಿ ಕರದಾಗೊಮ್ಮೆ ಬರ್ತಾಳ. ಹಚ್ಚು."

ಹಚ್ಚಿದೆ. ಮುಳ್ಳುಗೂದಲಿನ ನಾಯಕ ಬಂದ. ನಾನು ಕೈ ಎತ್ತುವ ಮೊದಲೇ ಅವ್ವ ಹೇಳಿದಳು, "ಈ ಸಲ ಇಂವಗ ಮಾಲಾ ಅಂತ ಹೆಸರಿಡು. ಮನಿ ನಡಸಾಕಿ ಆಕಿ." ಇಟ್ಟೆ. ಆಮೇಲೆ ಗಂಟುಮೂಟೆ ಹೊತ್ತ ಕೊಂಬಿನ ಕತ್ತೆ ಬಂದು ನಿಂತಿತು. ಕೆಳಗೆ ಹೆಸರಿನ ಜಾಗ ಮಿಣಮಿಣ ಎನ್ನುತ್ತಿತ್ತು. ಅವ್ವ ಕತ್ತೆಯನ್ನು ನೋಡಿದಳು, ನನ್ನ ತೊಡೆಯ ಮೇಲಿನ ಜಂಪರುಗಳ ಗಂಟನ್ನು ನೋಡಿದಳು.

"ಈ ಸಲ ಖಾಲಿ ಬಿಡಬ್ಯಾಡ" ಎಂದಳು.

ದೊಡ್ಡ ಮರದ ಕೆಳಗೆ, ಮಸುಕು ಬೆಳದಿಂಗಳಲ್ಲಿ, ಶೆಟ್ಟೆವ್ವ ಆರಿದ ದೀಪ ಹಿಡಿದು ಗುನುಗುತ್ತ ನಿಂತಿದ್ದಳು. ಅವ್ವ ಉಡಿಯ ಅಕ್ಕಿ ತರಲು ಎದ್ದಳು. ಒಳಗೆ ಹೋಗುತ್ತ ಹೊಸಿಲಲ್ಲಿ ತಿರುಗಿ, "ಲೇ ಕಾಂತೇಶ, ಈ ಸಲ ಸಾವಕಾಶ ನಡಿ, ಬಾಳ ದೂರ ಹೋಗೂದೈತಿ" ಎಂದಳು. ನನಗೆ ಹೇಳಿದಳೋ ಕತ್ತೆಗೆ ಹೇಳಿದಳೋ ತಿಳಿಯಲಿಲ್ಲ. ಇಬ್ಬರೂ ತಲೆಯಾಡಿಸಿದೆವು.